ಓ ಎಂದ ಬಾಗಿಲಿನ ಪಿಟೀಲು

ಮರದ ಎದೆಯಲ್ಲಿ ನಾದವನ್ನು ಬಚ್ಚಿಟ್ಟು, ಹುಡುಕಿಕೊಳ್ಳಿ ಮಕ್ಕಳೇ ಎಂದು ನಗುತ್ತ ಕೂತ ತಾಯಿ ಕಾಳಿಕೆಗೆ ಮೊದಲ ನಮಸ್ಕಾರ. ಜಾಣರ ಪಕ್ಕದಲ್ಲೇ ಪೆದ್ದರನ್ನೂ ಮಡಿಲಲ್ಲಿ ಕೂರಿಸಿಕೊಳ್ಳುವ ಅವಳ ದೊಡ್ಡತನಕ್ಕೆ ಇನ್ನೊಂದು ನಮಸ್ಕಾರ.

ಆಚಾರಿಗಳ ಕೇರಿಯಲ್ಲಿ ಹೊನ್ನಮ್ಮ ಅಂತ ಒಬ್ಬ ತಾಯಿ, ಮೋನಾಚಾರಿ ಅಂತ ಅವಳ ಮಗ. ಮಗನಿಗೆ ಕೈ ಅಪ್ಪನದು, ಬುದ್ಧಿ ಯಾರದೋ ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಪಿಟೀಲು ಮಾಡುತ್ತಿದ್ದ ಅಪ್ಪ, ಕಾಳಮ್ಮನ ಗುಡಿಗೆ ಒಂದು ಪಿಟೀಲು ಒಪ್ಪಿಸುತ್ತೇನೆಂದು ಹರಕೆ ಹೊತ್ತು, ತೀರಿಸುವ ಮೊದಲೇ ಅವಳ ಪಾದ ಸೇರಿದ್ದ. ಈ ಆಯುಧಪೂಜೆಗಾದರೂ ಮಗನ ಕೈಯಿಂದ ಅದು ತೀರಲಿ ಎಂಬುದೊಂದೇ ಹೊನ್ನಮ್ಮನ ಆಸೆ.

"ಮೊದಲು ಅಚ್ಚು ಬೇಕು ಕಣೋ. ಭಜನೆಯ ನಂಜಯ್ಯನೋರ ಹತ್ರ ಇರೋದು ನಿಮ್ಮಪ್ಪ ಮಾಡಿದ ಪಿಟೀಲು. ಹಲಗೆ ಮೇಲಿಟ್ಟು ಸುತ್ತ ಗೆರೆ ಎಳ್ಕೊಂಡು ಬಾ. ಒಂದು ಉಬ್ಬು ತಗ್ಗೂ ಬಿಡಬೇಡ."

ಹೋದ. ನಂಜಯ್ಯ ಚಕ್ಕಳಮಕ್ಕಳ ಹಾಕಿ, ಪಿಟೀಲನ್ನು ಎದೆಯಿಂದ ಪಾದಕ್ಕೆ ಆನಿಸಿ, ಕಣ್ಣುಮುಚ್ಚಿ ನುಡಿಸುತ್ತಿದ್ದರು. ಮೋನ ಹಲಗೆಯನ್ನು ಅದರಡಿಗೆ ತೂರಿಸಿ ಗೆರೆ ಎಳೆದ. ಪಿಟೀಲು ಬಂತು. ಜತೆಗೆ ನಂಜಯ್ಯನವರ ಗಡ್ಡ ಬಂತು, ಕಾಲಿನ ಹೆಬ್ಬೆರಳೂ ಬಂತು.

"ಇದೇನೋ, ಪಿಟೀಲಿಗೆ ಗಡ್ಡ?"

"ಉಬ್ಬು ತಗ್ಗು ಬಿಡಬೇಡ ಅಂದೆಯಲ್ಲಮ್ಮ."

"ಅಯ್ಯೋ ಪೆದ್ದೇ, ಜನ ಅಂಟಿಕೊಂಡಿದ್ರೆ ಮೊದಲು ದೂರ ನಿಲ್ಲಿಸಬೇಕು. ಆಮೇಲೆ ಕೈ ಹಾಕಬೇಕು."

"ಆಗಲಮ್ಮ."

ಹೊನ್ನಮ್ಮ ಗಡ್ಡ ಅಳಿಸಿದಳು, ಹೆಬ್ಬೆರಳು ಅಳಿಸಿದಳು. ಉಳಿದದ್ದು ಒಳ್ಳೆಯ ಅಚ್ಚೇ.

"ಇನ್ನು ಮರ. ಪಿಟೀಲಿನ ಬೆನ್ನಿಗೆ ನಿಮ್ಮಪ್ಪ ಇಟ್ಟುಹೋದ ಹಲಸಿನ ಹಲಗೆ ಇದೆ. ಎದೆಗೆ ಹಗುರವಾದ ಹಳೇ ಮರ ಹುಡುಕು. ಗೆಣ್ಣಿನಿಂದ ತಟ್ಟಿದರೆ ಓ ಅನ್ನಬೇಕು. ಓ ಅನ್ನದ ಮರ ಮುಟ್ಟಬೇಡ."

ಹೋದ. ತೊಲೆ ತಟ್ಟಿದ, ಓ ಅನ್ನಲಿಲ್ಲ. ಕಂಬ ತಟ್ಟಿದ, ಓ ಅನ್ನಲಿಲ್ಲ. ಗಾಡಿ ತಟ್ಟಿದ, ಎತ್ತು ತಿರುಗಿ ನೋಡಿತು, ಅಷ್ಟೆ. ಕಡೆಗೆ ಪುಟ್ಟತಾಯಜ್ಜಿಯ ಮನೆ ಬಾಗಿಲು ತಟ್ಟಿದ.

"ಓ, ಯಾರದು?"

ಮೋನನ ಮುಖ ಅರಳಿತು. "ಅಜ್ಜಿ, ಈಚೆ ಬಂದು ಸ್ವಲ್ಪ ದೂರ ನಿಂತ್ಕೊಳ್ಳಿ."

"ಯಾಕಪ್ಪ, ಹಾವು ಗೀವು ಬಂತಾ?" ಅಜ್ಜಿ ಬೀದಿಗಿಳಿದಳು. ಮೋನ ಬಾಗಿಲನ್ನು ಕೀಲಿನಿಂದ ಕಳಚಿ, ತಲೆಮೇಲೆ ಹೊತ್ತು ನಡೆದ. ಅಜ್ಜಿಯೂ ಅದರ ಹಿಂದೆಯೇ ನಡೆದಳು.

ಹೊನ್ನಮ್ಮ ಹಣೆ ಚಚ್ಚಿಕೊಂಡಳು. "ಕಂಡವರ ಮನೆ ಬಾಗಿಲೇನೋ?"

"ಊರಲ್ಲೆಲ್ಲ ಓ ಅಂದದ್ದು ಇದೊಂದೇ ಅಮ್ಮ."

"ಕೇಳಿಲ್ಲಿ. ಒಬ್ಬರ ಮನೆಯಿಂದ ತಂದದ್ದನ್ನ ಕೆಲಸ ಮುಗಿದ ಕೂಡಲೇ ತೆಗೆದ ಜಾಗದಲ್ಲೇ ಇಟ್ಟು ಬರಬೇಕು. ತಿಳೀತಾ?"

"ತಿಳೀತಮ್ಮ."

ಸಿಟ್ಟಿಗೆ ಅವಳೇ ಬಾಗಿಲನ್ನೊಮ್ಮೆ ಗುದ್ದಿದಳು. ಮತ್ತೆ ಮೆಲ್ಲಗೆ ತಟ್ಟಿ ಕಿವಿಯಿಟ್ಟಳು. ದೇವದಾರು. ಒಣಗಿ ಒಣಗಿ ಗಂಟೆಯ ಹಾಗೆ ಗುಂಯ್ ಎನ್ನುತ್ತಿತ್ತು. ಅಜ್ಜಿಯೂ ಕಿವಿಯಿಟ್ಟಳು.

"ನನ್ನ ತಾಯೇ, ಇಷ್ಟು ಕಾಲ ಇದರೊಳಗಿದ್ದೆಯಾ? ತಗೋ ಹೊನ್ನಿ, ದೇವಿ ಕೆಲಸ. ಹೊಸ ಬಾಗಿಲು ಮಾಡೋವರೆಗೆ ಚಾಪೆ ಇಳಿಬಿಟ್ಕೋತೀನಿ."

ಮೋನ ಕೊರೆದ, ಹೆರೆದ, ಅಂಟಿಸಿದ, ತಂತಿ ಬಿಗಿದ. ಅಪ್ಪನ ಕೈ ಸುಳ್ಳಾಗಲಿಲ್ಲ.

ಆಯುಧಪೂಜೆಯ ದಿನ ಪಿಟೀಲು ತಗೊಂಡು ಬಾ ಎಂದು ಮಗನಿಗೆ ಹೇಳಿ, ಹೊನ್ನಮ್ಮ ಹೂವು ಹಿಡಿದು ಗುಡಿಗೆ ಮುಂದಾಗಿ ಹೋದಳು. ದೀಪ ಹಚ್ಚಿದ್ದಾಯಿತು, ನಂಜಯ್ಯ ನುಡಿಸಲೆಂದು ಕಮಾನಿಗೆ ರಾಳ ತಿಕ್ಕಿದ್ದಾಯಿತು. ಪಿಟೀಲೂ ಇಲ್ಲ, ಮಗನೂ ಇಲ್ಲ. ಹುಡುಕುತ್ತ ಓಡಿದಳು.

ಪುಟ್ಟತಾಯಜ್ಜಿಯ ಮನೆಯ ಬಾಗಿಲ ಕೀಲಿಗೆ ಹುರಿ ಕಟ್ಟಿ ಪಿಟೀಲನ್ನು ತೂಗುಹಾಕಲಾಗಿತ್ತು. ಮೋನ ಬೆವರುತ್ತ ಅದನ್ನು ಅತ್ತ ದೂಡುತ್ತಿದ್ದ, ಇತ್ತ ದೂಡುತ್ತಿದ್ದ.

"ಕೆಲಸ ಮುಗೀತಲ್ಲಮ್ಮ, ತೆಗೆದ ಜಾಗದಲ್ಲೇ ಇಟ್ಟೆ. ಎಷ್ಟು ದೂಡಿದ್ರೂ ಮನೆ ಮುಚ್ತಾ ಇಲ್ಲ."

ಬೈಯಲು ಹೊನ್ನಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಗಾಳಿ ಬೀಸಿತು, ತಂತಿ ತಾನಾಗಿ ಮಿಡಿಯಿತು. ಚಾಪೆಯ ಹಿಂದಿನಿಂದ ಅಜ್ಜಿ ಕೇಳಿದಳು: "ಓ, ಯಾರದು?"

ಹೊನ್ನಮ್ಮ ಬೈಯುವುದನ್ನೇ ಮರೆತಳು. ಕೈ ಮುಗಿದಳು. "ಅವಳೇ ಕಣಜ್ಜಿ, ತಾಯಿ ಬಂದಿದಾಳೆ."

ಮೋನ ಸುತ್ತಲೂ ನೋಡಿದ. "ಸ್ವಲ್ಪ ದೂರ ನಿಂತ್ಕೋ ಅಂತ ಅವಳಿಗೂ ಹೇಳಲಾ ಅಮ್ಮ?"

"ಬೇಡ ಕಂದ, ಹತ್ತಿರವೇ ಇರಲಿ," ಎಂದು ಹೊನ್ನಮ್ಮ ಹುರಿ ಬಿಚ್ಚಿ, ಪಿಟೀಲನ್ನು ಅವನ ಕೈಗಿಟ್ಟು ಗುಡಿಗೆ ಕರೆದೊಯ್ದಳು.

ಕೇಳಿದ ನಿಮ್ಮೆಲ್ಲರ ಹತ್ತಿರವೂ ಅವಳು ಇರಲಿ. ನೀವು ತಟ್ಟಿದ ಬಾಗಿಲ ಒಳಗಿನಿಂದ ಯಾವಾಗಲೂ ಒಂದು ಓ ಕೇಳಿಬರಲಿ.