ಪಂಪ್‌ಹೌಸ್ ಹಿಂದಿನ ಹೊಗೆ

ನದಿ ದಂಡೆಯ ಮೈದಾನದಲ್ಲಿ ರುದ್ರಮುನಿ ಮಾಸ್ತರರು ವಿಶ್ವವಿದ್ಯಾಲಯದ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದರು. ಕೂರುವುದು ಮಾತ್ರ ಆಟಕ್ಕೆ ಬೆನ್ನು ಮಾಡಿ. ಒಳನುಗ್ಗಿದವನ ‘ಕಬಡ್ಡಿ, ಕಬಡ್ಡಿ’ ಎಲ್ಲಿ ಉಸಿರು ಹರಿದು ನಿಂತಿತು ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ತಂಡದ ರೇಡರ್ ದುರ್ಗಪ್ಪ. ಸಂಗಮೇಶ ಹೊರಗೆ ಕೂತು ನೀರು ಕೊಡುವವನು. ದುರ್ಗಪ್ಪ ಪಾಯಿಂಟ್ ತಂದಾಗ ಇವನೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ಒಳಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವನು ಮಾಸ್ತರರ ಬಳಿ ಬಂದ.

“ಸರ್, ದುರ್ಗಪ್ಪ ಸಿಗರೇಟ್ ಸೇದತಾನ್ರಿ.”

“ಯಾರು ಹೇಳಿದ್ರು?”

“ನಾನ ನೋಡೀನ್ರಿ. ಪಂಪ್‌ಹೌಸ್ ಹಿಂದ, ದಿನಾ ಮುಂಜಾನೆ.”

“ದಿನಾ ಮುಂಜಾನೆ ನೀ ದಂಡಿಗುಂಟ ಓಡತಿರಬೇಕಲ್ಲೊ?”

ಸಂಗಮೇಶ ಓಡುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಮರದ ಮರೆಯಲ್ಲಿ ನಿಂತು ದುರ್ಗಪ್ಪನನ್ನು ಕಾಯುವುದೇ ಅವನಿಗೆ ಚಟವಾಗಿತ್ತು. ಪ್ರಶ್ನೆ ಕೇಳಿಸದವನಂತೆ ಅವನೆಂದ, “ಅಂವ ಸೇದತಾನ, ಅಂವನ ಆಡತಾನ. ನಾ ಒಂದೂ ಸೇದಿಲ್ಲ, ನೀರು ಕೊಡತೀನಿ. ಇದು ನ್ಯಾಯ ಏನ್ರಿ?”

ಮಾಸ್ತರರು ದುರ್ಗಪ್ಪನನ್ನು ಕರೆದರು.

“ಸೇದತಿಯೇನು?”

“ಹೌದ್ರಿ ಸರ್. ಬಿಡಬೇಕಂತೀನಿ, ಆಗವಲ್ದು.”

“ನಿನ್ನ ಉಸಿರು ಈಗೀಗ ಲಗೂನ ಹರಿಯಾಕತ್ತೈತಿ. ನೀನ ಬಂದು ಹೇಳ್ಲಿ ಅಂತ ಸುಮ್ಮನಿದ್ದೆ. ಬಿಟ್ಟ ಮ್ಯಾಲ ಬಾ. ಅಲ್ಲೀತನಕ ಗೆರಿ ದಾಟಬ್ಯಾಡ.”

ದುರ್ಗಪ್ಪ ಜೇಬಿನಿಂದ ಪ್ಯಾಕೆಟ್ ತೆಗೆದು ಮಾಸ್ತರರ ಕಾಲ ಬಳಿ ಇಟ್ಟ. ಕಣ್ಣೊರೆಸಿಕೊಂಡು ದಂಡೆ ಹತ್ತಿ ಹೋದ.

ಸಂಗಮೇಶನಿಗೆ ನಗು ಉಕ್ಕಿ ಬಂತು. ಕಾಣಬಾರದೆಂದು ತಲೆ ತಗ್ಗಿಸಿದ.

“ಸರ್, ಮುಂದಿನ ವಾರ ಪಂದ್ಯ ಐತಿ. ಅವನ ಜಾಗಾ?”

“ಇನ್ನ ನಿಂದು. ನುಗ್ಗು, ನೋಡೂಣು.”

ಮಾಸ್ತರರು ಮೈದಾನಕ್ಕೆ ಬೆನ್ನು ಮಾಡಿ ಕುಳಿತರು.

ಸಂಗಮೇಶ ನೆಲ ಮುಟ್ಟಿ ನಮಸ್ಕರಿಸಿ ಒಳನುಗ್ಗಿದ. ನಡುವೆ ಅವನ ಕಣ್ಣು ದಂಡೆಯ ಕಡೆ ಹೋಯಿತು. ದುರ್ಗಪ್ಪ ಮೇಲೆ ನಿಂತು ನೋಡುತ್ತಿರಬಹುದೇ, ಅವನಿಗೂ ಹೊಟ್ಟೆ ಉರಿಯುತ್ತಿರಬಹುದೇ ಎಂದು ಹುಡುಕಿದ. ಅಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಉಸಿರು ಹರಿಯಿತು. ಯಾರೂ ಹಿಡಿಯುವ ಮೊದಲೇ ಅವನು ಮೊಣಕಾಲೂರಿ ಏದುಸಿರು ಬಿಡುತ್ತಿದ್ದ.

ಇನ್ನೊಮ್ಮೆ ನುಗ್ಗಿದ. ಆಗಲೂ ಅದೇ ಪಾಡು.

“ದುರ್ಗಪ್ಪಂದಕಿಂತ ಮೊದಲ ಹರೀತು,” ಎಂದರು ಮಾಸ್ತರರು, ತಿರುಗದೆಯೇ.

ಸಂಗಮೇಶನಿಗೆ ಅಳು ಬಂತು. “ನಾ ಒಂದೂ ಸೇದಿಲ್ಲಲ್ರಿ ಸರ್.”

“ಗೊತ್ತೈತಿ.”

ಮಾಸ್ತರರು ಕಾಲ ಬಳಿಯ ಪ್ಯಾಕೆಟ್ ತೋರಿಸಿದರು.

“ಅಂವ ತನ್ನದನ್ನ ಇಲ್ಲಿ ಇಟ್ಟು ಹೋದ. ನೀ ನಿಂದು ಯಾವಾಗ ಇಡತಿ?”