ಎಲೆ ಮಡಚದ ವರ್ತಕ

"ಗುರುಗಳೇ, ಕೆಟ್ಟ ಕೋಶವನ್ನು ಒಳಗಿನಿಂದಲೇ ಮುಗಿಸುವ ಕಿಣ್ವಗಳು ಪ್ರತಿ ಕೋಶದಲ್ಲೂ ಇವೆ ಎಂದಿರಿ. ಕ್ಯಾನ್ಸರ್ ಕೋಶದಲ್ಲೂ ಇವೆ ಎಂದಿರಿ. ಮತ್ತೇಕೆ ಅದು ಸಾಯುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಮದುವೆಯ ಊಟ. ಮೊದಲ ಪಂಕ್ತಿಯಲ್ಲಿ ನೂರು ಜನ. ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು. ಯಾರೂ ಹೇಳಬೇಕಿಲ್ಲ, ಉಂಡವನ ಕೈಯೇ ಎಲೆ ಮಡಚುತ್ತದೆ, ಎಂಜಲು ಒಳಗೇ ಉಳಿಯುತ್ತದೆ. ಎಲ್ಲರೂ ಮಡಚಿದ ಮೇಲೆ ಪಂಕ್ತಿ ಒಟ್ಟಿಗೆ ಏಳುತ್ತದೆ.

ಅಂದು ಮಜ್ಜಿಗೆ ಬಂತು. ತೊಂಬತ್ತೊಂಬತ್ತು ಎಲೆಗಳು ಮಡಚಿಕೊಂಡವು. ಒಬ್ಬ ವರ್ತಕ ಮಾತ್ರ ಹೋಳಿಗೆ ಕೇಳುತ್ತ ಕುಳಿತ. ಅವನ ಬಲಗೈಗೂ ರೂಢಿ ತಿಳಿದಿತ್ತು; ಅದು ಎಲೆಯ ಅಂಚಿಗೆ ಹೋಯಿತು. ಎಡಗೈ ಅದರ ಮಣಿಕಟ್ಟು ಹಿಡಿದು ನಿಲ್ಲಿಸಿತು.

ಹೆಣ್ಣಿನ ತಂದೆ ಬಾಗಿಲಲ್ಲಿ ನಿಂತಿದ್ದ. ಧಾರೆಯೆರೆಯುವವನೆಂದು ಬೆಳಗಿನಿಂದ ಉಪವಾಸ. ಅವನ ಊಟ ಎರಡನೆಯ ಪಂಕ್ತಿಗೆ. ಆದರೆ ಉಣ್ಣುವವನನ್ನು ಏಳೆನ್ನುವುದು ಹೇಗೆ?

ಅವನ ತಮ್ಮ ತೋಳೇರಿಸಿದ. "ನೀನು ಸುಮ್ನಿರಣ್ಣ, ನಾನು ಎತ್ತಿ ಹೊರಗೆ ಕೂರಿಸ್ತೀನಿ."

ಅಡುಗೆಯವನು ಅಡ್ಡ ಬಂದ. "ಎಳೆದರೆ ಎಲೆ ಹರಿಯುತ್ತೆ ಸ್ವಾಮಿ. ಸಾರೆಲ್ಲ ಪಕ್ಕದವರ ಪಂಚೆ ಮೇಲೆ."

ಅವನು ವರ್ತಕನ ಮುಂದೆ ಬಾಗಿ, ತುಂಬಿದ ಲೋಟ ಚಾಚಿದ. "ಪಾನಕ, ಯಜಮಾನ್ರೇ."

"ಹೋಳಿಗೆ ಎಲ್ಲಯ್ಯಾ?"

"ಹದಿನಾಲ್ಕು ಒಳಗೆ ಹೋಗಿವೆಯಲ್ಲ, ಅವಕ್ಕೆ ಮೊದಲು ದಾರಿ ಬಿಡಿ."

ಬಲಗೈ ಎಂಜಲು. ವರ್ತಕ ಎಲ್ಲರಂತೆ ಎಡಗೈಯಲ್ಲಿ ಲೋಟ ಹಿಡಿದ. ಅಷ್ಟೇ ಸಾಕಾಯಿತು. ಅವನು ಕಣ್ಣು ಮುಚ್ಚಿ ಕುಡಿಯುತ್ತಿರುವಾಗ ಬಲಗೈ ತನ್ನ ಕೆಲಸ ಮಾಡಿತ್ತು. ಮಡಚಿದ ಎಲೆಗೆ ಯಾರೂ ಬಡಿಸುವುದಿಲ್ಲ. ಕಣ್ಣು ಬಿಟ್ಟ ವರ್ತಕ ಎಲೆ ನೋಡಿದ, ಅಡುಗೆಯವನನ್ನು ನೋಡಿದ, ತಾನೇ ಮೊದಲು ನಕ್ಕ. ಪಂಕ್ತಿ ಎದ್ದಿತು. ಹೆಣ್ಣಿನ ತಂದೆ ಊಟಕ್ಕೆ ಕುಳಿತ.

ಗುರುಗಳು ಮುಂದುವರಿಸಿದರು: "ಬಲಗೈ ಎಂದರೆ ಆ ಕಿಣ್ವ. ಎಡಗೈ, ಅದಕ್ಕೆ ಕ್ಯಾನ್ಸರ್ ಕೋಶ ತಾನೇ ಹಾಕಿಕೊಂಡ ತಡೆ. ಕೆಲವು ಮದ್ದುಗಳು ಆ ಲೋಟದ ಹಾಗೆ. ಅವು ಕೋಶವನ್ನು ಹೊಡೆಯುವುದಿಲ್ಲ, ತಡೆಯುವ ಕೈಯನ್ನು ಬೇರೆ ಕೆಲಸಕ್ಕೆ ಹಚ್ಚುತ್ತವೆ."

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥಾ ಹೊಟ್ಟೆಬಾಕ, ಗುರುಗಳೇ."

"ನೀನು ಹೀಗೆ ಕುಳಿತು ನಗಲಿ ಎಂದು, ಇವತ್ತು ಬೆಳಗಿನಿಂದ ನಿನ್ನ ಮೈಯೊಳಗೆ ಕೋಟ್ಯಂತರ ಕೋಶಗಳು ಸದ್ದಿಲ್ಲದೆ ಎದ್ದು ಹೋಗಿವೆ."