ರಾಶಿಯ ಸುತ್ತಲಿನ ಬೂದಿಗೆರೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಂದು ಊರು ಚೆದುರಿಹೋಗದೆ ನಿಲ್ಲುವುದು ಯಾವುದರಿಂದ? ಎಲ್ಲರೂ ಒಂದನ್ನೇ ನಂಬುವುದರಿಂದ ಎಂದು ಒಬ್ಬ ಪಂಡಿತರು ಹೇಳುತ್ತಾರೆ. ಬಲವಿದ್ದವನ ದೊಣ್ಣೆಯಿಂದ ಎಂದು ಇನ್ನೊಬ್ಬರು. ಅದೆಲ್ಲ ಏನೂ ಇಲ್ಲ, ಜನ ದಿನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಡೆಯುವುದೇ ಊರು ಎಂದು ಮೂರನೆಯವರು. ಮೂವರ ಪಾಠವನ್ನೂ ಕೇಳಿ ಬಂದೆ. ತಲೆ ಕೆಟ್ಟುಹೋಗಿದೆ."

"ಮೂವರೂ ಚೆನ್ನಾಗಿ ಮಾತಾಡುತ್ತಾರೆ, ಅಲ್ಲವೇ?" ಎಂದು ಗುರು ನಕ್ಕರು. "ಕೂತುಕೋ." ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾವಲುಗಾರನಿದ್ದ. ದ್ಯಾವಣ್ಣ ಎಂದು ಹೆಸರು. ಸುಗ್ಗಿಯಲ್ಲಿ ಊರಿನವರೆಲ್ಲ ಒಂದೇ ಕಣದಲ್ಲಿ ರಾಗಿ ಒಕ್ಕಿ, ಅವರವರ ರಾಶಿ ಹಾಕುತ್ತಿದ್ದರು. ಒಳ್ಳೆಯ ದಿನ ನೋಡಿ ಎತ್ತುವವರೆಗೆ ರಾಶಿಗಳು ಬಯಲಲ್ಲೇ ಇರಬೇಕು. ಅಮ್ಮನ ಗುಡಿಯಿಂದ ಬೂದಿ ತಂದು ಪ್ರತಿ ರಾಶಿಯ ಸುತ್ತ ಗೆರೆ ಎಳೆಯುವುದು ದ್ಯಾವಣ್ಣನ ಕೆಲಸ. ಪರರ ರಾಶಿಯ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ. ರಾಶಿ ಎತ್ತಿದ ಮೇಲೆ ನೆಲದಲ್ಲಿ ಉಳಿದ, ಮಣ್ಣು ಬೆರೆತ ಕಾಳು ದ್ಯಾವಣ್ಣನದು. ಅದನ್ನು ಕೇರಿ, ತೊಳೆದು, ಅವನೂ ಹೆಂಡತಿಯೂ ವರ್ಷ ನೂಕುತ್ತಿದ್ದರು. ಅವನಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ. ಊರು ತನ್ನನ್ನು ನಂಬಿ ಕಣ ಬಿಟ್ಟುಹೋಗುತ್ತದೆ ಎಂಬುದೊಂದೇ ಅವನ ಆಸ್ತಿ.

ಆ ಊರಿನ ಪೂಜಾರಿಗೂ ಗೌಡನಿಗೂ ಅಂಗಡಿಯ ಶೆಟ್ಟಿಗೂ ಮಾಡಲು ಕೆಲಸ ಕಡಿಮೆ. ಜನ ಗೆರೆ ದಾಟದಿರುವುದು ಏಕೆ ಎಂದು ಒಮ್ಮೆ ಜಗಲಿಯ ಮೇಲೆ ವಾದಕ್ಕೆ ಬಿದ್ದರು. ಅಮ್ಮನ ಮೇಲಿನ ನಂಬಿಕೆ ಎಂದ ಪೂಜಾರಿ. ನನ್ನ ಭಯ ಎಂದ ಗೌಡ. ಪಕ್ಕದವನು ದಾಟಿಲ್ಲವಲ್ಲ ಎಂಬ ನಾಚಿಕೆ ಎಂದ ಶೆಟ್ಟಿ. ವಾದ ಹಟವಾಯಿತು. ಹಟ ಪರೀಕ್ಷೆಗೆ ಇಳಿಯಿತು.

ಆ ಸುಗ್ಗಿಯಲ್ಲಿ, ಇದು ಗುಡಿಯ ಬೂದಿಯಲ್ಲ, ಶೆಟ್ಟರ ಮನೆ ಒಲೆಯದು ಎಂದು ಊರಿಗೆಲ್ಲ ಡಂಗುರ ಸಾರಿಸಿ ಗೆರೆ ಹಾಕಿಸಿದರು. ಒಂದು ಕಾಳೂ ಅಲುಗಲಿಲ್ಲ. ಪೂಜಾರಿಯ ಮುಖ ಸಣ್ಣದಾಯಿತು. ಮರುವರ್ಷ ಗೌಡ, ಈ ಸಲ ಕಾವಲಿಲ್ಲ, ದಂಡವಿಲ್ಲ ಎಂದು ಡಂಗುರ ಹೊಡೆಸಿ, ಗೆರೆ ಎಳೆದಾದ ಮೇಲೆ ದ್ಯಾವಣ್ಣನನ್ನು ಮನೆಗೆ ಕಳಿಸಿದ. ದ್ಯಾವಣ್ಣನಿಗೆ ಮನೆಯಲ್ಲಿ ಕೂತು ಅನ್ನ ಸೇರಲಿಲ್ಲ. ಆದರೂ ರಾಶಿಗಳು ಇದ್ದ ಹಾಗೇ ಇದ್ದವು.

ಶೆಟ್ಟಿ ಬೀಗಿದ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ತನ್ನ ಮಾತನ್ನೂ ಪರೀಕ್ಷಿಸಬೇಕಲ್ಲ. ಅದೇ ಸುಗ್ಗಿಯಲ್ಲಿ, ಉಪ್ಪಿಗೆ ಬಂದವರಿಗೆಲ್ಲ ತೂಗಿಕೊಡುತ್ತ ಒಂದೇ ಮಾತು ಹೇಳಿದ: "ಊರೆಲ್ಲ ಕಣದಿಂದ ಒಂದೊಂದು ಮೊರ ರಾಗಿ ತಂದ್ಕಂಡವ್ರೆ. ನೀನೊಬ್ಬ ಉಳ್ಕಂಡೆ ನೋಡಪ್ಪ."

ಮೂರನೆಯ ದಿನ ಕಣದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಎಲ್ಲರೂ ಎಲ್ಲರಿಂದ ಕದ್ದಿದ್ದರು. ಯಾರಿಗೂ ಲಾಭವಾಗಲಿಲ್ಲ, ತಂದಷ್ಟೇ ಹೋಗಿತ್ತು. ಆದರೆ ಅಂದಿನಿಂದ ಪಕ್ಕದ ಮನೆಯ ಒಲೆಗೆ ಬೆಂಕಿ ಕೊಡುವುದು ನಿಂತಿತು. ಬಾವಿಯ ಹತ್ತಿರ ಹೆಂಗಸರು ಕೊಡ ಒಡೆದುಕೊಂಡರು. ಅಣ್ಣತಮ್ಮಂದಿರಿಬ್ಬರು ಕುಡುಗೋಲು ಹಿಡಿದರು, ಒಬ್ಬನ ಕೈ ಹೋಯಿತು.

ಈಗ ಮೂವರಿಗೂ ಹೆದರಿಕೆಯಾಯಿತು. ನಾವು ಮಾಡಿದ್ದು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಊರನ್ನು ಸೇರಿಸಿದರು. ಅಮ್ಮ ಮುನಿದಿದ್ದಾಳೆ ಎಂದ ಪೂಜಾರಿ. ಕಳ್ಳನಿಗೆ ಶಿಕ್ಷೆಯಾಗಬೇಕು ಎಂದ ಗೌಡ. ಕಣದಲ್ಲಿ ಇರಬೇಕಾದವನು ಎಲ್ಲಿದ್ದ ಎಂದು ಜನ ಮಾತಾಡಿಕೊಳ್ಳುತ್ತಿದ್ದಾರೆ ಎಂದ ಶೆಟ್ಟಿ. ಯಾರ ಮನೆಯಲ್ಲಿ ಏನಿದೆ ಎಂಬುದು ಅವರವರಿಗೆ ಗೊತ್ತಿತ್ತು. ಅದಕ್ಕೇ ಎಲ್ಲರೂ ಗಟ್ಟಿಯಾಗಿ ಕೂಗಿದರು.

ದ್ಯಾವಣ್ಣನ ಮನೆ ಹುಡುಕಿದರು. ಗಡಿಗೆಗಳೆಲ್ಲ ಖಾಲಿ. ಇಡೀ ಊರಿನಲ್ಲಿ ಕದ್ದ ಕಾಳಿಲ್ಲದ ಮನೆ ಅದೊಂದೇ. ಖಾಲಿ ಗಡಿಗೆಯನ್ನೇ ಎತ್ತಿ ತೋರಿಸಿದರು: ನೋಡಿ, ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ.

ದ್ಯಾವಣ್ಣ ಗೌಡನ ಮುಂದೆ ಬಂದು ನಿಂತ. ಅವನಿಗೆ ಸಿಟ್ಟು ಬಂದಿರಲಿಲ್ಲ. ಗೌಡ ಮರೆತಿರಬೇಕು, ನೆನಪಿಸಿದರೆ ಸಾಕು ಎಂದುಕೊಂಡಿದ್ದ.

"ಬುದ್ಧೀ, ಕಾವಲು ಬ್ಯಾಡ, ಮನೆಗೋಗು ಅಂದೋರು ತಾವೇ ಅಲ್ವರಾ?"

ಗೌಡ ನೆಲ ನೋಡಿದ. ಶೆಟ್ಟಿ ಗೌಡನನ್ನು ನೋಡಿದ. ಅಷ್ಟರಲ್ಲಿ ಯಾರೋ ದ್ಯಾವಣ್ಣನ ಮನೆಯ ಸೂರಿಗೆ ಬೆಂಕಿ ಇಟ್ಟಾಗಿತ್ತು. ಯಾರ ಕೈ ಎಂದು ಇಂದಿಗೂ ಯಾರಿಗೂ ತಿಳಿಯದು. ಒಲೆಗೆ ಕೊಡಲು ಕೆಂಡವಿಲ್ಲದಿದ್ದ ಊರಿನಲ್ಲಿ ಅಂದು ಎಲ್ಲರ ಕೈಯಲ್ಲೂ ಬೆಂಕಿ ಇತ್ತು.

ಉಟ್ಟ ಬಟ್ಟೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಅವನು ಊರು ಬಿಟ್ಟ. ದಾರಿ ಕಣದ ಮೇಲೆ ಹಾದಿತ್ತು. ಅಳಿದುಳಿದ ರಾಶಿಗಳ ಸುತ್ತ ಗೆರೆಗಳಿರಲಿಲ್ಲ. ಆದರೂ ಅವನು ಒಂದೊಂದು ರಾಶಿಯನ್ನೂ ಗೆರೆ ಇದ್ದಷ್ಟು ದೂರದಿಂದ ಬಳಸಿಕೊಂಡು ನಡೆದ. ಹೆಂಡತಿಯೂ ಹಾಗೆಯೇ ನಡೆದಳು. ಅವರು ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಊರು ಸರಿಯಾಯಿತು. ಹೆಂಗಸರು ಒಬ್ಬರಿಗೊಬ್ಬರು ಕೊಡ ಎತ್ತಿಕೊಟ್ಟರು. ಮನೆಯಿಂದ ಮನೆಗೆ ಕೆಂಡ ಹೋಯಿತು. ಜಗಲಿಯ ಮೂವರೂ ತಾವು ಹೇಳಿದ್ದೇ ನಿಜವಾಯಿತು ಎಂದುಕೊಂಡರು. ಊರು ಈಗ ಒಂದೇ ಮಾತನ್ನು ನಂಬಿತ್ತು, ಒಂದೇ ಭಯಕ್ಕೆ ಅಂಜಿತ್ತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಡೆದಿತ್ತು; ಆ ಮಟ್ಟಿಗೆ ಯಾರ ವಾದವೂ ಸುಳ್ಳಾಗಿರಲಿಲ್ಲ.

ಗುರು ಕತೆ ಮುಗಿಸಿದರು. ಶಿಷ್ಯ, "ಆಮೇಲೆ ಆ ಊರಿನಲ್ಲಿ ಯಾರಾದರೂ ಗೆರೆ ದಾಟಿದರೇ?" ಎಂದು ಕೇಳಿದ.

ಗುರು ಹೇಳಿದರು: "ಇಲ್ಲ, ಈಗ ಗೆರೆಗೆ ಬೂದಿ ತರುವುದು ಗುಡಿಯಿಂದಲ್ಲ, ದ್ಯಾವಣ್ಣನ ಮನೆ ಇದ್ದ ಜಾಗದಿಂದ."